ಟ್ರಿಪ್‌ಗೆ ಟ್ರೈಪಾಡ್: ಎಷ್ಟು ಹಗುರ ಇದ್ದರೆ ಸಾಕು?

ಮೊದಲೇ ಹೇಳಿಬಿಡ್ತೀವಿ, ನಾವು ಫೋಟೋಗ್ರಫಿ ಎಕ್ಸ್‌ಪರ್ಟ್‌ಗಳಲ್ಲ. ಐದು ಜನ ಸೆಕೆಂಡ್ ಇಯರ್‌ನವರು. ಮೂವರು ಮೆಕ್ಯಾನಿಕಲ್, ಒಬ್ಬಳು ಸಿವಿಲ್, ಒಬ್ಬ ಕಂಪ್ಯೂಟರ್ ಸೈನ್ಸ್. ಟ್ರೈಪಾಡ್ ಬಗ್ಗೆ ಬರೆಯೋಕೆ ನಮಗಿರುವ ಒಂದೇ ಅರ್ಹತೆ ಅಂದ್ರೆ, ಕಳೆದ ಸೆಪ್ಟೆಂಬರ್‌ನಲ್ಲಿ ಜೋಗದಲ್ಲಿ ಒಂದು ಟ್ರೈಪಾಡನ್ನು ಕ್ಯಾಮೆರಾ ಸಮೇತ ನೆಲಕ್ಕೆ ಬೀಳಿಸಿದ್ದು.

ಕ್ಯಾಮೆರಾ ನಮ್ಮದಲ್ಲ. ನಮ್ಮಲ್ಲೊಬ್ಬನ ಅಕ್ಕ ಕೆಲಸಕ್ಕೆ ಸೇರಿದ ಹೊಸದರಲ್ಲಿ ದುಡ್ಡು ಕೂಡಿಸಿ ತಗೊಂಡಿದ್ದ ಕ್ಯಾನನ್ 1500ಡಿ. "ಹುಷಾರು ಕಣೋ" ಅಂತ ಮೂರು ಸಲ ಹೇಳಿ ಕೊಟ್ಟಿದ್ದರು. ಟ್ರೈಪಾಡ್ ಮಾತ್ರ ನಮ್ಮದು, 800 ರೂಪಾಯಿಯದು, 600 ಗ್ರಾಂ ತೂಕ. ಆನ್‌ಲೈನ್‌ನಲ್ಲಿ 'ಅಲ್ಟ್ರಾ ಲೈಟ್' ಅಂತ ಬರೆದಿತ್ತು. ಬ್ಯಾಗಲ್ಲಿ ಇದ್ದದ್ದೇ ಗೊತ್ತಾಗ್ತಿರಲಿಲ್ಲ, ಅದಕ್ಕೇ ಖುಷಿಯಾಗಿ ತಗೊಂಡಿದ್ವಿ.

ರಾತ್ರಿ ರೈಲಿನಲ್ಲಿ ತಾಳಗುಪ್ಪಕ್ಕೆ ಹೋಗಿ, ಅಲ್ಲಿಂದ ಜೋಗ ತಲುಪಿದ್ವಿ. ಮಳೆಗಾಲದ ಜೋಗ ನೋಡಿದವರಿಗೆ ಗೊತ್ತಿರುತ್ತೆ, ಜಲಪಾತ ಇರೋದು ಮಂಜಿನ ಹಿಂದೆ. ಗಂಟೆಗಟ್ಟಲೆ ಬರೀ ಸದ್ದು ಕೇಳಿಸುತ್ತೆ. ಆಮೇಲೆ ಒಂದೈದು ನಿಮಿಷ ಮಂಜು ಸರಿದು ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಟ್ಟಿಗೆ ಕಾಣಿಸಿ ಮತ್ತೆ ಮಾಯ. ನಮಗೆ ಆ ಐದು ನಿಮಿಷ ಸಿಕ್ಕಿದ್ದು ಸಂಜೆ ಐದೂವರೆಗೆ. ನೀರು ರೇಷ್ಮೆ ಬಟ್ಟೆ ಥರ ಕಾಣೋ ಫೋಟೋ ಬೇಕಿತ್ತು. ಅಂದ್ರೆ ಶಟರ್ ಕಾಲು ಸೆಕೆಂಡಾದರೂ ತೆರೆದಿರಬೇಕು. ರೇಲಿಂಗ್ ಅಡ್ಡ ಬರ್ತಿತ್ತು ಅಂತ ಟ್ರೈಪಾಡಿನ ಕಾಲುಗಳನ್ನೆಲ್ಲ ಪೂರ್ತಿ ಎಳೆದು, ನಡುಗಂಬವನ್ನೂ ಮೇಲಕ್ಕೆತ್ತಿದ್ವಿ. ತುಂತುರು ಬೀಳ್ತಿದ್ದರಿಂದ ಒಬ್ಬ ಕ್ಯಾಮೆರಾಕ್ಕೆ ಕೊಡೆ ಹಿಡಿದ. ಗಾಳಿ ಬೀಸಿತು, ಕೊಡೆ ವಾಲಿತು, ಕೊಡೆಯ ಅಂಚು ಕ್ಯಾಮೆರಾಕ್ಕೆ ತಾಗಿತು. ತಾಗಿದ್ದು ಅಷ್ಟೇ. ಟ್ರೈಪಾಡ್ ಒಂದು ಕಡೆ ಮಗುಚಿ, ಒಂದು ಕಾಲು ಕೀಲಿನ ಹತ್ತಿರ ಮುರಿದು, ಕ್ಯಾಮೆರಾ ಮುಖ ಅಡಿಯಾಗಿ ಒದ್ದೆ ಕಲ್ಲಿನ ಮೇಲೆ ಬಿತ್ತು.

ಬಾಡಿ ಉಳಿಯಿತು. ಲೆನ್ಸಿನ ಪ್ಲಾಸ್ಟಿಕ್ ಮೌಂಟ್ ಮುರಿದಿತ್ತು. ಸೆಕೆಂಡ್ ಹ್ಯಾಂಡ್ ಲೆನ್ಸ್‌ಗೆ 3,500 ರೂಪಾಯಿ. ವಾಪಸ್ ಬರುವಾಗ ರೈಲಿನಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ. ಆಡಿದ ಮಾತು ಒಂದೇ: ತಪ್ಪು ಕೊಡೆಯದ್ದಾ, ಟ್ರೈಪಾಡ್‌ದಾ? ಕೊಡೆ ಹಿಡಿದವನು "ಪೂರ್ತಿ ನಾನೇ ಕೊಡ್ತೀನಿ" ಅಂದ. ಅವನ ಮನೆಯ ಪರಿಸ್ಥಿತಿ ನಮಗೆ ಗೊತ್ತು, ಅವನಿಗೆ 3,500 ಅಂದ್ರೆ ಒಂದೂವರೆ ತಿಂಗಳ ಖರ್ಚು. ಸಿವಿಲ್‌ನವಳು ಮಾತ್ರ "ಒಂದ್ನಿಮಿಷ ಇರ್ರೋ, ಲೆಕ್ಕ ಹಾಕೋಣ" ಅಂತ ನೋಟ್‌ಬುಕ್ ತೆಗೆದಳು. ಈ ಲೇಖನ ಹುಟ್ಟಿದ್ದು ಅಲ್ಲಿ.

ಬೀಳೋಕೆ ಎಷ್ಟು ಬಲ ಬೇಕು?

ಕನ್ನಡ ಸಂಘದ ಸೀನಿಯರ್ ಒಬ್ಬರು "ಟ್ರೈಪಾಡ್ ಅಂತ ಯಾಕೆ, ಮುಕ್ಕಾಲಿ ಅನ್ನಿ" ಅಂದ್ರು. ಪದ ಚೆನ್ನಾಗಿದೆ, ಆದರೆ ಅಜ್ಜಿಯ ಹತ್ತಿರ ಮುಕ್ಕಾಲಿ ಅಂದ್ರೆ ಕೂರೋ ಸ್ಟೂಲ್ ತಂದು ಇಡ್ತಾರೆ. ಎರಡರ ಹಿಂದಿರೋ ಬುದ್ಧಿ ಮಾತ್ರ ಒಂದೇ. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿ ಇರುತ್ತವೆ, ಹಾಗಾಗಿ ನೆಲ ಎಷ್ಟೇ ಏರುಪೇರಾಗಿದ್ದರೂ ಮೂರು ಕಾಲಿನದು ಕುಂಟುವುದಿಲ್ಲ. ಮೆಸ್ಸಿನ ನಾಲ್ಕು ಕಾಲಿನ ಟೇಬಲ್‌ಗಳು ಕುಂಟುವುದನ್ನು ದಿನಾ ನೋಡ್ತಿದ್ದೀರಲ್ಲ.

ಆದರೆ ಕುಂಟದೇ ಇರೋದು ಬೇರೆ, ಬೀಳದೇ ಇರೋದು ಬೇರೆ. ನಮ್ಮ ಟ್ರೈಪಾಡಿನ ಪಾದಗಳು ನಡುವಿನಿಂದ 40 ಸೆಂ.ಮೀ. ದೂರದಲ್ಲಿದ್ದವು. ಟ್ರೈಪಾಡ್ ಬೀಳುವುದು ಒಂದು ಪಾದದ ಕಡೆಗಲ್ಲ, ಎರಡು ಪಾದಗಳ ನಡುವಿನ ಗೆರೆಯ ಮೇಲೆ. ಸಮಬಾಹು ತ್ರಿಕೋನದಲ್ಲಿ ಆ ಗೆರೆ ನಡುವಿನಿಂದ ಅರ್ಧ ದೂರದಲ್ಲಿ, ಅಂದ್ರೆ 20 ಸೆಂ.ಮೀ.ನಲ್ಲೇ ಇರುತ್ತೆ. ಕ್ಯಾಮೆರಾ, ಲೆನ್ಸ್ ಸೇರಿ 680 ಗ್ರಾಂ, ಟ್ರೈಪಾಡ್ 600 ಗ್ರಾಂ, ಒಟ್ಟು 1.28 ಕೆಜಿ. ಕ್ಯಾಮೆರಾ ಇದ್ದ ಎತ್ತರ 140 ಸೆಂ.ಮೀ. ಮೊಮೆಂಟ್ ತಗೊಳ್ಳಿ: 1.28 ಅನ್ನು 20ರಿಂದ ಗುಣಿಸಿ 140ರಿಂದ ಭಾಗಿಸಿ. ಬರೋದು 0.18. ಅಂದ್ರೆ ಕ್ಯಾಮೆರಾವನ್ನು ಪಕ್ಕಕ್ಕೆ ಬರೀ 180 ಗ್ರಾಂ ತೂಕದಷ್ಟು ಬಲದಿಂದ ತಳ್ಳಿದರೆ ಸಾಕು, ಬೀಳುತ್ತೆ. ನಿಮ್ಮ ಜೇಬಿನ ಫೋನಿನ ತೂಕ ಹೆಚ್ಚುಕಡಿಮೆ ಅಷ್ಟೇ.

ನೋಟ್‌ಬುಕ್ಕನ್ನು ಬರ್ತ್‌ನಿಂದ ಬರ್ತ್‌ಗೆ ದಾಟಿಸಿ ಎಲ್ಲರೂ ನೋಡಿದ್ವಿ. ಕೊಡೆ ತಾಗದಿದ್ದರೆ ಕ್ಯಾಮೆರಾದ ಸ್ಟ್ರಾಪ್ ಯಾರದ್ದೋ ಕೈಗೆ ಸಿಕ್ಕಿ ಬೀಳುತ್ತಿತ್ತು, ಇಲ್ಲವೇ ಜೋರು ಗಾಳಿಯೇ ಸಾಕಿತ್ತು. ನಡುಗಂಬ ಎತ್ತಿದ್ದು ಒಬ್ಬ, ಕಾಲು ಸಾಲದಷ್ಟು ಅಗಲಿಸಿದ್ದು ಇನ್ನೊಬ್ಬ, ಹಗುರ ಅಂತ ಹೊಗಳಿ ಆರ್ಡರ್ ಮಾಡಿದ್ದು ಎಲ್ಲರೂ. 3,500 ಅನ್ನು ಐದರಿಂದ ಭಾಗಿಸಿದ್ವಿ, ತಲೆಗೆ 700. ಕೊಡೆಯವನು ಒಪ್ಪಲಿಲ್ಲ, ಶಿವಮೊಗ್ಗ ದಾಟುವವರೆಗೂ ಜಗಳ ಮಾಡಿದ. ಅಕ್ಕನಿಗೆ ಫೋನ್ ಮಾಡಿದಾಗ ಅವರು ಮೊದಲು ಕೇಳಿದ್ದು "ನೀವ್ಯಾರೂ ರೇಲಿಂಗ್ ಹತ್ರ ಜಾರಿ ಬಿದ್ದಿಲ್ಲ ತಾನೇ?" ಅಂತ. ಕ್ಯಾಮೆರಾ ಬಗ್ಗೆ ಬೈದಿದ್ದು ಆಮೇಲೆ.

ಹಗುರ ಮಾಡಿದ್ದು ಎಲ್ಲಿ?

ಹೊಸದು ತಗೊಳ್ಳಬೇಕು ಅಂತ ತೀರ್ಮಾನವಾದ ಮೇಲೆ ಎರಡು ಗುಂಪಾಯಿತು. ಭಾರ ಇರೋದೇ ತಗೊಳ್ಳೋಣ ಅಂತ ಒಂದು ಗುಂಪು, ಭಾರ ಇದ್ದರೆ ಯಾರೂ ಹೊರಲ್ಲ, ರೂಮಲ್ಲೇ ಧೂಳು ತಿನ್ನುತ್ತೆ ಅಂತ ಇನ್ನೊಂದು. ಎರಡನೇದೂ ನಿಜ. ಕುದುರೆಮುಖದಂಥ ಟ್ರೆಕ್‌ಗೆ ಎರಡು ಲೀಟರ್ ನೀರು, ಊಟ, ರೇನ್‌ಕೋಟ್ ಅಂತ ಆಗಲೇ ನಾಲ್ಕೈದು ಕೆಜಿ ಬೆನ್ನ ಮೇಲಿರುತ್ತೆ. ಅದರ ಮೇಲೆ ಸ್ಟುಡಿಯೋದಲ್ಲಿಡೋ ಮೂರು ಕೆಜಿ ಟ್ರೈಪಾಡ್ ಅಂದ್ರೆ ಯಾರ ಬ್ಯಾಗಿಗೆ ಹಾಕೋದು ಅನ್ನೋದೇ ಜಗಳ. ಟ್ರಾವೆಲ್ ಟ್ರೈಪಾಡ್ ಅಂತ ಮಾರೋವು ಸಾಮಾನ್ಯವಾಗಿ ಒಂದರಿಂದ ಒಂದೂಮುಕ್ಕಾಲು ಕೆಜಿ ಒಳಗಿರುತ್ತವೆ. ಪ್ರಶ್ನೆ ಎಷ್ಟು ಹಗುರ ಅನ್ನೋದಲ್ಲ, ಆ ತೂಕವನ್ನು ಎಲ್ಲಿಂದ ತೆಗೆದಿದ್ದಾರೆ ಅನ್ನೋದು.

ಇಲ್ಲಿ ನಾವು ಮಾಡಿದ ತಪ್ಪು ಊಹೆ ಹೇಳಲೇಬೇಕು. ಕಾಲು ನಾಲ್ಕು ತುಂಡಿನದು ಅಂದುಕೊಳ್ಳಿ, ಮೇಲಿಂದ ಕೆಳಗೆ 22, 19, 16, 13 ಮಿ.ಮೀ. ಪೈಪ್‌ಗಳು, ಗೋಡೆಯ ದಪ್ಪ 1 ಮಿ.ಮೀ. ಕೆಳಗಿನ 13 ಮಿ.ಮೀ. ಪೈಪ್ ನೋಡಿದರೆ ಅಯ್ಯೋ ಪಾಪ ಅನ್ನಿಸುತ್ತೆ. ಸೆಕೆಂಡ್ ಮೊಮೆಂಟ್ ಆಫ್ ಏರಿಯಾ ತೆಗೆದರೆ 22ರದು 3,645, 13ರದು 683. ಐದು ಪಟ್ಟು ವ್ಯತ್ಯಾಸ! ಹಾಗಾದರೆ ಅಲುಗಾಟಕ್ಕೆಲ್ಲ ಕೆಳಗಿನ ಸಣಕಲು ಪೈಪೇ ಕಾರಣ ಅಂತ ಬರೆದುಕೊಂಡು ಎಸ್‌ಒಎಂ ಮೇಡಂ ಹತ್ತಿರ ಹೋದ್ವಿ. ಅವರು ನೋಡಿ ಒಂದೇ ಮಾತು ಕೇಳಿದ್ರು: "ಬೆಂಡಿಂಗ್ ಮೊಮೆಂಟ್ ಡಯಾಗ್ರಾಂ ಎಲ್ಲಿ?"

ಬರೆದಿರಲಿಲ್ಲ. ಬರೆದ ಮೇಲೆ ನಾಚಿಕೆಯಾಯ್ತು. ಪಾದ ನೆಲದ ಮೇಲೆ ಸುಮ್ಮನೆ ಕೂತಿದೆ, ಅಲ್ಲಿ ಮೊಮೆಂಟ್ ಸೊನ್ನೆ. ಮೇಲಕ್ಕೆ ಹೋದಂತೆ ಅದು ಬೆಳೆಯುತ್ತಾ ಹೋಗಿ, ಕಾಲು ತಲೆಗೆ ಸೇರುವ ಕೀಲಿನಲ್ಲಿ ಅತಿ ಹೆಚ್ಚು. ಎಲ್ಲ ತುಂಡೂ ಒಂದೇ ಉದ್ದ ಅಂತಿಟ್ಟುಕೊಂಡು ಲೆಕ್ಕ ಹಾಕಿದರೆ, ಒಟ್ಟು ಬಾಗುವಿಕೆಯಲ್ಲಿ ಮೇಲಿನ ದಪ್ಪ ಪೈಪಿನ ಪಾಲು ಸುಮಾರು ಶೇ. 40, ಕೆಳಗಿನ ಸಣಕಲಿನ ಪಾಲು ಶೇ. 6 ಅಷ್ಟೇ. ಪೂರ್ತಿ ಉಲ್ಟಾ!

ಆದರೂ ಕೆಳಗಿನ ತುಂಡು ನಿರಪರಾಧಿಯಲ್ಲ. ಅದನ್ನು ಎಳೆಯದೆ ಒಳಗೇ ಬಿಟ್ಟು ಲೆಕ್ಕ ಹಾಕಿ. ಕಾಲಿನ ಉದ್ದ ಕಾಲು ಭಾಗ ಕಡಿಮೆಯಾಗುತ್ತೆ, ಬಾಗುವಿಕೆ ಮಾತ್ರ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತೆ. ತಾನು ಬಾಗೋದು ಕಡಿಮೆ, ಆದರೆ ಉದ್ದ ಹೆಚ್ಚಿಸಿ ಮೇಲಿನವರನ್ನೆಲ್ಲ ಬಾಗಿಸೋದು ಅದರ ಕೆಲಸ. ಹಾಗಾಗಿ ಟ್ರೈಪಾಡ್ ಕೊಂಡ ಮೇಲೆ ಒಂದು ರೂಪಾಯಿ ಖರ್ಚಿಲ್ಲದೆ ಅದನ್ನು ಗಟ್ಟಿ ಮಾಡುವ ದಾರಿ ಇದು: ಅಗತ್ಯ ಇಲ್ಲದಿದ್ದರೆ ಕೊನೆಯ ತುಂಡು ಎಳೆಯಬೇಡಿ. ನಮ್ಮಲ್ಲಿ ಹಲವರು ಮೊದಲು ಎಳೆಯೋದೇ ಅದನ್ನ, ಯಾಕಂದ್ರೆ ಅದು ಕೈಗೆ ಸಿಗೋದು ಮೊದಲು.

ಈಗ ಕೊಳ್ಳುವವರಿಗೆ ಬೇಕಾದ ಲೆಕ್ಕ. ಇದೇ ಕಾಲನ್ನು ಒಂದು ಸೈಜ್ ದಪ್ಪ ಮಾಡಿ: 25, 22, 19, 16. ಅಲ್ಯೂಮಿನಿಯಂ ಸಾಂದ್ರತೆ 2.7. ಒಂದೊಂದು ತುಂಡು 33 ಸೆಂ.ಮೀ. ಅಂದುಕೊಂಡರೆ ಮೂರು ಕಾಲಿನ ಪೈಪ್‌ಗಳ ತೂಕ 555 ಗ್ರಾಂನಿಂದ 655 ಗ್ರಾಂ ಆಗುತ್ತೆ. ನೂರು ಗ್ರಾಂ, ಒಂದು ದೊಡ್ಡ ಬಿಸ್ಕೆಟ್ ಪ್ಯಾಕ್‌ನಷ್ಟು. ಬಾಗುವಿಕೆ ಮಾತ್ರ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಡಿಮೆಯಾಗುತ್ತೆ. ಆದ್ದರಿಂದ ಅಂಗಡಿಯಲ್ಲಿ ಅಥವಾ ಸ್ಪೆಸಿಫಿಕೇಶನ್ ಪಟ್ಟಿಯಲ್ಲಿ ಮೊದಲು ನೋಡಬೇಕಾದ ಸಂಖ್ಯೆ ಮೇಲಿನ ಪೈಪಿನ ದಪ್ಪ. ಈ ಲೆಕ್ಕದಲ್ಲಿ ಲಾಕ್‌ಗಳ ಸಡಿಲವನ್ನಾಗಲೀ ಕೀಲಿನ ಸಡಿಲವನ್ನಾಗಲೀ ಸೇರಿಸಿಲ್ಲ. ಕೀಲು ಪೂರ್ತಿ ಗಟ್ಟಿ ಅಂತ ಅಂದುಕೊಂಡಿದ್ದೇವೆ. ನಮ್ಮ 800 ರೂಪಾಯಿಯದರಲ್ಲಿ ಕೀಲು ಪ್ಲಾಸ್ಟಿಕ್. ಮೊಮೆಂಟ್ ಅತಿ ಹೆಚ್ಚು ಬರುವ ಜಾಗಕ್ಕೆ ಅತಿ ಮೆತ್ತಗಿನ ವಸ್ತು ಹಾಕಿದ್ದರು, ಮುರಿದದ್ದೂ ಅಲ್ಲೇ. ಹಗುರ ಮಾಡಿದ್ದು ಎಲ್ಲಿ ಅಂತ ಕೇಳಿ ಅಂದದ್ದು ಇದಕ್ಕೇ. ಕೀಲುಗಳು ಲೋಹದ್ದೇ ಇರಲಿ. ಇದರಲ್ಲಿ ರಾಜಿ ಬೇಡ.

ಕಾರ್ಬನ್ ಫೈಬರ್ ತಗೊಳ್ಳಬೇಕಾ ಅಂತ ಎಲ್ಲರೂ ಕೇಳ್ತಾರೆ. ಕಾರ್ಬನ್ ಫೈಬರ್ ಟ್ರೈಪಾಡ್‌ಗಳನ್ನು ಗಿಟ್ಸೊ ಕಂಪನಿ 1994ರಲ್ಲಿ ತಂದಿತು. ಸಾಂದ್ರತೆ ಸುಮಾರು 1.6, ಅಂದ್ರೆ ಅಲ್ಯೂಮಿನಿಯಂನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ನಡುಕ ಬೇಗ ಅಡಗುತ್ತೆ, ಚಳಿಯಲ್ಲಿ ಮುಟ್ಟಿದರೆ ಕೈ ಕೊರೆಯಲ್ಲ. ಆದರೆ ಹಗುರಾಗೋದು ಪೈಪ್‌ಗಳು ಮಾತ್ರ. ತಲೆ, ಕೀಲು, ಸ್ಕ್ರೂ ಎಲ್ಲ ಹಾಗೇ ಲೋಹದ್ದೇ. 2019ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ 1.2 ಕೋಟಿ ಡಾಲರ್ ಮೀರಿ ದುಡ್ಡು ಸೇರಿಸಿ ಸುದ್ದಿಯಾದ ಪೀಕ್ ಡಿಸೈನ್ ಟ್ರಾವೆಲ್ ಟ್ರೈಪಾಡ್ ಗೊತ್ತಲ್ಲ, ಅದು ಎರಡರಲ್ಲೂ ಬಂತು. ಅಲ್ಯೂಮಿನಿಯಂದು 1.56 ಕೆಜಿ, ಕಾರ್ಬನ್‌ದು 1.27 ಕೆಜಿ. ಬೆಲೆ ಆಗ 350 ಡಾಲರ್ ಮತ್ತು 600 ಡಾಲರ್. 290 ಗ್ರಾಂಗೆ 250 ಡಾಲರ್! ಅಷ್ಟು ತೂಕ ಉಳಿಸೋಕೆ ನಮ್ಮ ಹತ್ತಿರ ಬೇರೆ ಐಡಿಯಾ ಇದೆ, ಪವರ್ ಬ್ಯಾಂಕನ್ನು ಪಕ್ಕದವನ ಬ್ಯಾಗಿಗೆ ಹಾಕೋದು. ದುಡಿಯೋಕೆ ಶುರು ಮಾಡಿದ ಮೇಲೆ ಕಾರ್ಬನ್ ನೋಡೋಣ. ಈಗ ಅಲ್ಯೂಮಿನಿಯಂ ಸಾಕು. ಬಿದ್ದರೆ ನೆಗ್ಗುತ್ತೆ, ತಟ್ಟಿ ಸರಿಮಾಡಬಹುದು. ಕಾರ್ಬನ್ ಪೈಪ್‌ಗೆ ಜೋರು ಪೆಟ್ಟು ಬಿದ್ದರೆ ಸೀಳುತ್ತೆ.

ಉದ್ದ, ಎತ್ತರ, ಮತ್ತು "ಎಂಟು ಕೆಜಿ ತಡೆಯುತ್ತೆ ಸಾರ್"

ಮಡಚಿದಾಗಿನ ಉದ್ದ ಬ್ಯಾಗಿನ ಮೇಲೆ ನಿಂತಿದೆ. ಟೇಪ್ ತಗೊಂಡು ನಿಮ್ಮ ಕಾಲೇಜ್ ಬ್ಯಾಗ್ ಅಳೆಯಿರಿ. ನಮ್ಮವು 45 ಸೆಂ.ಮೀ. ಬಂದವು. ಅದರೊಳಗೆ ಹೋಗೋದಾದರೆ ಬಸ್ಸಿನಲ್ಲಿ ಯಾರ ಮಂಡಿಗೂ ತಾಗಲ್ಲ. ಕಾಲುಗಳು 180 ಡಿಗ್ರಿ ಹಿಂದಕ್ಕೆ ತಿರುಗಿ ತಲೆಯನ್ನೇ ಒಳಗೆ ಮುಚ್ಚಿಕೊಳ್ಳುವ ಮಾಡೆಲ್‌ಗಳಿವೆ, ಚಿಕ್ಕದಾಗೋಕೆ ಅದು ಒಳ್ಳೆ ಉಪಾಯ. ಐದು ತುಂಡಿನ ಕಾಲು ಇನ್ನೂ ಚಿಕ್ಕದಾಗುತ್ತೆ, ಆದರೆ ಕಾಲಿಗೊಂದು ಲಾಕ್ ಜಾಸ್ತಿ, ಸಡಿಲಾಗೋಕೆ ಒಂದು ಜಾಗ ಜಾಸ್ತಿ. ಟ್ರೆಕ್ ಮಾಡೋರಿಗೆ ನಾಲ್ಕೇ ಸರಿ ಅಂತ ನಮ್ಮ ಅಭಿಪ್ರಾಯ. ಲಾಕ್ ತಿರುಗಿಸೋದಾ, ಕ್ಲಿಪ್ಪಾ ಅನ್ನೋದು ಕೈಗೆ ಹೇಗೆ ಒಗ್ಗುತ್ತೋ ಹಾಗೆ, ಎರಡೂ ನಡೆಯುತ್ತೆ.

ಎತ್ತರದ ವಿಷಯದಲ್ಲಿ ಪೆಟ್ಟಿಗೆಯ ಮೇಲಿನ ಸಂಖ್ಯೆ ನಂಬಬೇಡಿ. ಅದು ಸಾಮಾನ್ಯವಾಗಿ ನಡುಗಂಬ ಪೂರ್ತಿ ಎತ್ತಿದ ಎತ್ತರ. ನಡುಗಂಬ ಎತ್ತಿದರೆ ಮೂರು ಕಾಲಿನ ಟ್ರೈಪಾಡ್ ಮೇಲೆ ಒಂದು ಕಾಲಿನ ಕೋಲು ನಿಲ್ಲಿಸಿದ ಹಾಗೆ. ನಡುಗಂಬ ಇಳಿಸಿದಾಗ ಎಷ್ಟು ಅಂತ ಕೇಳಿ. 120ರಿಂದ 130 ಸೆಂ.ಮೀ. ಇದ್ದರೆ, ತಲೆ ಮತ್ತು ಕ್ಯಾಮೆರಾ ಸೇರಿ ಇನ್ನೊಂದು 15 ಸೆಂ.ಮೀ. ಸಿಗುತ್ತೆ. ಸ್ವಲ್ಪ ಬಗ್ಗಬೇಕಾಗಬಹುದು, ಬಗ್ಗಿ. ಹತ್ತೊಂಬತ್ತು ವಯಸ್ಸಿಗೆ ಬೆನ್ನು ನೋವು ಅಂದ್ರೆ ಯಾರೂ ನಂಬಲ್ಲ.

ಅಂಗಡಿಗೆ ಹೋದಾಗ ಅಲ್ಲಿಯವರು ಒಂದನ್ನು ತೋರಿಸಿ "ಎಂಟು ಕೆಜಿ ತಡೆಯುತ್ತೆ ಸಾರ್" ಅಂದ್ರು. ಇನ್ನೊಂದು ಅದಕ್ಕಿಂತ ಗಟ್ಟಿಯಾಗಿ ಕಾಣ್ತಿತ್ತು, ಅದರ ಮೇಲೆ ನಾಲ್ಕು ಕೆಜಿ ಅಂತಿತ್ತು. ವಿಷಯ ಏನಂದ್ರೆ, ಈ ಲೋಡ್ ಕೆಪಾಸಿಟಿ ಅಳೆಯೋಕೆ ಎಲ್ಲ ಕಂಪನಿಗೂ ಒಂದೇ ಅನ್ನುವ ನಿಯಮ ಇಲ್ಲ. ಒಬ್ಬರು ಮುರಿಯುವ ತೂಕ ನೋಡ್ತಾರೆ, ಇನ್ನೊಬ್ಬರು ತಲೆ ಜಾರುವ ತೂಕ. ನಮಗೆ ಬೇಕಾಗಿದ್ದು ಎರಡೂ ಅಲ್ಲ. 680 ಗ್ರಾಂ ಕ್ಯಾಮೆರಾ ಇಟ್ಟರೆ ಯಾವುದೂ ಮುರಿಯಲ್ಲ, ನಡುಗುತ್ತೆ. ನಡುಕ ನೋಡೋಕೆ ಸುಲಭದ ಪರೀಕ್ಷೆ ಇದೆ. ನಿಮ್ಮ ಕ್ಯಾಮೆರಾವನ್ನೇ ತಗೊಂಡು ಹೋಗಿ. ಕಾಲು ಪೂರ್ತಿ ಎಳೆದು, ನಡುಗಂಬ ಇಳಿಸಿ, ಕ್ಯಾಮೆರಾ ಕೂರಿಸಿ, ಲೈವ್ ವ್ಯೂನಲ್ಲಿ ದೂರದ ಬೋರ್ಡೊಂದನ್ನು ಹತ್ತು ಪಟ್ಟು ಝೂಮ್ ಮಾಡಿ. ಈಗ ಒಂದು ಕಾಲಿಗೆ ಬೆರಳಲ್ಲಿ ಟಕ್ ಅಂತ ಹೊಡೆದು ಎಣಿಸಿ. ಅಕ್ಷರ ಎರಡು ಸೆಕೆಂಡಲ್ಲಿ ನಿಂತರೆ ಒಳ್ಳೆಯದು. ಐದು ಆರು ಎಣಿಸಿದರೂ ಜೋಲಿ ಹೊಡೀತಿದ್ದರೆ ಬೇಡ. ಎಂಟು ಕೆಜಿಯದು ಏಳು ಎಣಿಸೋವರೆಗೂ ನಿಲ್ಲಲಿಲ್ಲ, ನಾಲ್ಕು ಕೆಜಿಯದು ಎರಡಕ್ಕೇ ನಿಂತಿತು. ಅಂಗಡಿಯವರೂ ಬಗ್ಗಿ ನೋಡಿ "ಓಹ್" ಅಂದ್ರು.

ತಲೆ, ಪ್ಲೇಟು, ಕಾಲಿಂಚಿನ ಸ್ಕ್ರೂ

ತಲೆ ಅಂದ್ರೆ ಕ್ಯಾಮೆರಾ ಕೂರುವ ಭಾಗ. ಟ್ರಿಪ್‌ಗೆ ಬಾಲ್ ಹೆಡ್ ಸಾಕು, ಒಂದೇ ತಿರುಪಲ್ಲಿ ಎಲ್ಲಾ ದಿಕ್ಕಿಗೂ ತಿರುಗುತ್ತೆ. ವಿಡಿಯೋ ಮಾಡೋರಿಗೆ ಹಿಡಿಕೆ ಇರುವ ಪ್ಯಾನ್ ಹೆಡ್ ಬೇಕು, ಅದು ಭಾರ. ಪ್ಲೇಟ್ ಮಾತ್ರ ಆರ್ಕಾ ಸ್ವಿಸ್ ಮಾದರಿಯದು ಇರುವಂತೆ ನೋಡಿಕೊಳ್ಳಿ, ಸುಮಾರು 38 ಮಿ.ಮೀ. ಅಗಲದ್ದು. ಪ್ಲೇಟ್ ಕಳೆದುಹೋಗೋದು ಗ್ಯಾರಂಟಿ. ಆರ್ಕಾ ಆದರೆ ಬೇರೆ ಕಂಪನಿಯದೂ ಕೂರುತ್ತೆ. ಬೇರೆ ನಮೂನೆಯದಾದರೆ ಪ್ಲೇಟ್ ಹೋದ ದಿನ ಟ್ರೈಪಾಡೂ ಹೋದ ಹಾಗೆ.

ಕ್ಯಾಮೆರಾ ಅಡಿಯ ತೂತಿನ ಬಗ್ಗೆ ಮೆಕ್ಯಾನಿಕಲ್‌ನವರಿಗೆ ಒಂದು ಎಚ್ಚರಿಕೆ. ಅದು ಕಾಲಿಂಚಿನ, ಇಂಚಿಗೆ 20 ಎಳೆಯ ಸ್ಕ್ರೂ. ಐಎಸ್‌ಒ 1222 ಅಂತ ಅದಕ್ಕೊಂದು ಸ್ಟ್ಯಾಂಡರ್ಡೇ ಇದೆ. ವ್ಯಾಸ 6.35 ಮಿ.ಮೀ., ಪಿಚ್ 1.27 ಮಿ.ಮೀ. ವರ್ಕ್‌ಶಾಪಿನಲ್ಲಿ ಸಿಗೋ ಎಂ6 ಬೋಲ್ಟ್ ನೋಡೋಕೆ ಹಾಗೇ ಇರುತ್ತೆ, ಆದರೆ ವ್ಯಾಸ 6, ಪಿಚ್ 1. ಒಂದೆರಡು ಸುತ್ತು ಹೋಗುತ್ತೆ, ಹಿಡಿಯಲ್ಲ. ಜೋರು ಮಾಡಿದರೆ ಕ್ಯಾಮೆರಾದ ಎಳೆ ಹಾಳಾಗುತ್ತೆ. ಇದು ನಮಗೆ ಹೇಗೆ ಗೊತ್ತು ಅಂತ ಕೇಳಬೇಡಿ, ಅಕ್ಕ ಈ ಮ್ಯಾಗಜಿನ್ ಓದ್ತಾರೆ.

ಟ್ರೈಪಾಡೇ ಬೇಡ ಅನ್ನುವ ಜಾಗಗಳು

ಎಲ್ಲ ಕಡೆಗೂ ಇದು ಬೇಕಿಲ್ಲ. ಹಗಲು ಬೆಳಕಲ್ಲಿ ಬೆಟ್ಟ, ಬಸ್ಸು, ದೋಸೆ ತೆಗೆಯೋಕೆ ಕೈ ಸಾಕು. ಬೇಕಾಗೋದು ಮೂರಕ್ಕೆ: ನೀರು ಹರಿಯೋದನ್ನು ನಯವಾಗಿ ತೋರಿಸೋಕೆ, ರಾತ್ರಿ ಆಕಾಶಕ್ಕೆ, ಮತ್ತು ಐದೂ ಜನ ಒಂದೇ ಫೋಟೋದಲ್ಲಿ ಬರೋಕೆ. ಆಕಾಶಕ್ಕೆ 500ರ ನಿಯಮ ಅಂತ ಒಂದಿದೆ: 500 ಅನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿ, ಅಷ್ಟು ಸೆಕೆಂಡು ತೆರೆದಿಟ್ಟರೂ ನಕ್ಷತ್ರ ಗೆರೆಯಾಗಲ್ಲ. ಕ್ಯಾನನ್‌ನ ಚಿಕ್ಕ ಸೆನ್ಸರ್‌ಗೆ 1.6ರಿಂದ ಗುಣಿಸಬೇಕು. 18 ಮಿ.ಮೀ.ಗೆ ಬರೋದು 17 ಸೆಕೆಂಡ್. ಹದಿನೇಳು ಸೆಕೆಂಡ್ ಯಾರ ಕೈಯೂ ನಿಲ್ಲಲ್ಲ.

ಹಂಪಿ, ಬಾದಾಮಿ, ಬೇಲೂರಿಗೆ ಹೋಗೋರು ಗಮನಿಸಿ. ಪುರಾತತ್ವ ಇಲಾಖೆಯ ಸ್ಮಾರಕಗಳ ಒಳಗೆ ಟ್ರೈಪಾಡ್ ಹಾಕೋಕೆ ಮುಂಚೆಯೇ ಅನುಮತಿ ಬೇಕು. ಗೇಟಲ್ಲಿ ತಡೆಯುತ್ತಾರೆ, ತಡೆದವರ ಜೊತೆ ವಾದ ಮಾಡಬೇಡಿ. ಇಂಥ ಕಡೆ ಉಪಯೋಗಕ್ಕೆ ಬರೋದು ಅಕ್ಕಿ ಚೀಲ. ಸಫಾರಿ ಫೋಟೋಗ್ರಾಫರ್‌ಗಳು ಜೀಪಿನ ಅಂಚಿನ ಮೇಲೆ ಬೀನ್ ಬ್ಯಾಗ್ ಇಟ್ಟು ಅದರ ಮೇಲೆ ಲೆನ್ಸ್ ಕೂರಿಸ್ತಾರಲ್ಲ, ಅದೇ ಇದು. ಹಳೇ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ, ಎರಡೂ ಕಡೆ ಹೊಲಿದು, ಮೆಸ್ಸಿನ ಅಣ್ಣನ ಹತ್ತಿರ ಅರ್ಧ ಕೆಜಿ ಅಕ್ಕಿ ಕೇಳಿ ತುಂಬಿದ್ವಿ. "ಏನ್ ಮಾಡ್ತೀರಪ್ಪಾ ಇಷ್ಟೇ ಅಕ್ಕಿಲಿ?" ಅಂದ್ರು. ನೀವು ಮಾತ್ರ ಅದನ್ನು ಸ್ಮಾರಕದ ಕಲ್ಲಿನ ಮೇಲಲ್ಲ, ನಿಮ್ಮ ಬ್ಯಾಗಿನ ಮೇಲೆ ಇಡಿ.

ಕೊನೆಗೆ ತಗೊಂಡದ್ದು

ಆ ಎರಡು ಸೆಕೆಂಡಿಗೆ ನಿಂತ ಮಾಡೆಲ್ಲೇ ಸೆಕೆಂಡ್ ಹ್ಯಾಂಡ್ ಸಿಕ್ಕಿತು, 4,200 ರೂಪಾಯಿ. ಅಲ್ಯೂಮಿನಿಯಂ, ನಾಲ್ಕು ತುಂಡು, ಮೇಲಿನ ಪೈಪ್ 25 ಮಿ.ಮೀ., ತೂಕ 1.5 ಕೆಜಿ, ಮಡಚಿದರೆ 43 ಸೆಂ.ಮೀ. ದುಡ್ಡು ಸಾಲದೆ ಫೋಟೋಗ್ರಫಿ ಆಸಕ್ತಿ ಇರೋ ಹದಿನಾಲ್ಕು ಜನ ಸೇರಿ 300 ರೂಪಾಯಿಯಂತೆ ಹಾಕಿದ್ವಿ. ಅದಕ್ಕೇ ಅದು ಈಗ ಸಂಘದ ಕಪಾಟಿನಲ್ಲಿದೆ.

ಜೋಗದ ಲೆಕ್ಕವನ್ನೇ ಇದಕ್ಕೆ ಹಾಕಿ ನೋಡಿದ್ವಿ. ಕೊನೆಯ ತುಂಡು ಎಳೆಯದೆ, ಕಾಲು ಚೆನ್ನಾಗಿ ಅಗಲಿಸಿ ಪಾದ 55 ಸೆಂ.ಮೀ. ದೂರ ಇಟ್ಟು, ಕ್ಯಾಮೆರಾ 110 ಸೆಂ.ಮೀ. ಎತ್ತರದಲ್ಲಿದ್ದರೆ, ಬೀಳಿಸೋಕೆ ಸುಮಾರು 545 ಗ್ರಾಂ ಬೇಕು, ಮೂರು ಪಟ್ಟು. ನಡುವಿನ ಕೊಕ್ಕೆಗೆ ಮೂರು ಕೆಜಿ ಬ್ಯಾಗ್ ತೂಗಿಹಾಕಿದರೆ 1.3 ಕೆಜಿ. ಆದರೆ ಬ್ಯಾಗ್ ಗಾಳಿಗೆ ತೂಗಾಡಬಾರದು, ತೂಗಾಡಿದರೆ ಅದೇ ಟ್ರೈಪಾಡನ್ನು ಅಲುಗಾಡಿಸುತ್ತೆ. ತಳ ನೆಲಕ್ಕೆ ಸ್ವಲ್ಪ ತಾಗುವಂತೆ ಕಟ್ಟಿ. ಗಾಳಿ ಯಾವ ಕಡೆಗೆ ಬೀಸ್ತಿದೆಯೋ ಆ ಕಡೆಗೆ ಒಂದು ಕಾಲು ಚಾಚಿರಲಿ. ಸ್ಟ್ರಾಪ್ ಬಿಚ್ಚಿಡಿ ಅಥವಾ ಸುತ್ತಿಡಿ. ಲೆನ್ಸಿನ ಸ್ಟೆಬಿಲೈಸರ್ ಆಫ್ ಮಾಡಿ. ಬಟನ್ ಒತ್ತಿದಾಗಿನ ನಡುಕ ಅಡಗೋಕೆ ಎರಡು ಸೆಕೆಂಡ್ ಟೈಮರ್ ಹಾಕಿ. ಕೊಡೆ ಹಿಡಿಯೋರು ಎರಡು ಹೆಜ್ಜೆ ದೂರ ನಿಲ್ಲಿ. ಇದನ್ನು ಲೇಖನದಲ್ಲಿ ಹಾಕಲೇಬೇಕು ಅಂತ ಹಟ ಹಿಡಿದವನು ಯಾರು ಅಂತ ನಿಮಗೆ ಗೊತ್ತಾಗಿರುತ್ತೆ.

ಜನವರಿಯಲ್ಲಿ ಅದೇ ಕ್ಯಾಮೆರಾ ತಗೊಂಡು ಮತ್ತೆ ಜೋಗಕ್ಕೆ ಹೋದ್ವಿ. ಅಕ್ಕ ಈ ಸಲ "ಹುಷಾರು" ಅನ್ನಲಿಲ್ಲ, ಜೊತೆಗೇ ಬಂದರು. ನೀರು ಕಡಿಮೆ ಇತ್ತು, ರೇಷ್ಮೆ ಬಟ್ಟೆ ಅಲ್ಲ, ನೂಲಿನ ಥರ ಇತ್ತು. ಆದರೆ ಎಫ್/16, ಅರ್ಧ ಸೆಕೆಂಡ್, ಬಂಡೆಯ ಒಂದೊಂದು ಬಿರುಕೂ ಸ್ಪಷ್ಟ. ಆಮೇಲೆ ಹತ್ತು ಸೆಕೆಂಡ್ ಟೈಮರ್ ಹಾಕಿ ಆರೂ ಜನ ನಿಂತ ಫೋಟೋ ತೆಗೆದ್ವಿ. ಅದರಲ್ಲಿ ಒಬ್ಬ ಮಾತ್ರ ಕ್ಯಾಮೆರಾ ನೋಡ್ತಿಲ್ಲ, ಟ್ರೈಪಾಡಿನ ಕಾಲು ನೋಡ್ತಿದ್ದಾನೆ.

ಟ್ರೈಪಾಡ್ ಬೇಕಿದ್ದವರು ಕಪಾಟಿನ ಮೇಲಿರೋ ರಿಜಿಸ್ಟರ್‌ನಲ್ಲಿ ಹೆಸರು, ಯುಎಸ್‌ಎನ್ ಬರೆದು ತಗೊಂಡು ಹೋಗಬಹುದು. ವಾಪಸ್ ಕೊಡುವಾಗ ಪ್ಲೇಟ್ ಇದೆಯಾ ಅಂತ ನೋಡಿ ಕೊಡಿ.